ಟೀ ಲೋಟದ ಕೆಳಗಿನ ಅಕ್ಷರ

ಅವರು ಯಾಕೆ ಅಷ್ಟು ಜೋರಾಗಿ ನಕ್ಕರು ಅನ್ನುವುದು ನನ್ನನ್ನು ಹನ್ನೆರಡು ವರ್ಷದಿಂದ ಕೊರೆಯುತ್ತಿದೆ. ನಾವು ಆಡಿದ್ದು ರಾಜಕಾರಣಿಗಳನ್ನು ಗೇಲಿ ಮಾಡುವ ನಾಟಕ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳ ಮಧ್ಯೆ ಒಂದೇ ಒಂದು ಸೋಫಾ ಹಾಕಿಸಿದ್ದೆವು. ಅದರಲ್ಲಿ ನಮ್ಮ ಭಾಗದ ಒಬ್ಬ ರಾಜಕಾರಣಿ ಕೂತಿದ್ದರು. ಮುಖ್ಯ ಅತಿಥಿ. ಅವರನ್ನು ಕರೆದದ್ದು ನಾವಲ್ಲ, ಸಮುದಾಯ ಭವನವನ್ನು ಬಾಡಿಗೆಯಿಲ್ಲದೆ ಕೊಟ್ಟವರು ಕರೆದಿದ್ದರು. ಗ್ರೀನ್ ರೂಮಿನಲ್ಲಿ ನಮಗೆಲ್ಲ ಬೆವರು. ಅರ್ಧಕ್ಕೆ ಎದ್ದು ಹೋದರೆ? ಕರೆಂಟ್ ತೆಗೆಸಿದರೆ? ಶಾಸಕನ ಪಾತ್ರ ಮಾಡುವ ಗೆಳೆಯ ಸರ್ಕಾರಿ ನೌಕರ. ಅವನು ಮೇಕಪ್ ಇನ್ನೂ ಸ್ವಲ್ಪ ದಪ್ಪ ಹಚ್ಚಿಸಿಕೊಂಡ, ಗುರುತು ಸಿಗದಿರಲಿ ಅಂತ. ಆದರೆ ಹಾಗೇನೂ ಆಗಲಿಲ್ಲ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದವರ ತೊಡೆ ತಟ್ಟಿ ನಕ್ಕರು. ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡರು. ಎಷ್ಟೋ ಜೋಕುಗಳಿಗೆ ಅವರು ನಕ್ಕ ಮೇಲೆಯೇ ಉಳಿದ ಸಭೆ ನಕ್ಕಿತು. ಮೊದಲು ಅವರ ಮುಖ ನೋಡಿ, ಆಮೇಲೆ ನಗು.

ಆವತ್ತು ರಾತ್ರಿ ಅದು ನಮಗೆ ದೊಡ್ಡ ಗೆಲುವು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಯಾಕೆ ಅಂತ ಹೇಳಲು ಸ್ವಲ್ಪ ಸುತ್ತಿ ಬರಬೇಕು.

ಹನ್ನೆರಡು ಸಾವಿರ ಟರ್ಮ್

ನಾಟಕದ ಕತೆ ಸರಳ. ಒಂದು ಊರಿನ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲ. ಕಟ್ಟಲು ಪಾಯ ತೆಗೆಯುತ್ತಾರೆ. ನಾಲ್ಕಡಿ ಕೆಳಗೆ ಒಂದು ಕಲ್ಲು ಸಿಗುತ್ತದೆ, ಅದರ ಮೇಲೆ ಅಕ್ಷರ. ಅಲ್ಲಿಗೆ ಶೌಚಾಲಯದ ಕೆಲಸ ನಿಂತಿತು. ಆಡಳಿತ ಪಕ್ಷದವರು ಇದು ನಮ್ಮ ಪೂರ್ವಜರ ಕಲ್ಲು ಅನ್ನುತ್ತಾರೆ. ವಿರೋಧ ಪಕ್ಷದವರು ಅಲ್ಲ, ನಮ್ಮ ಪೂರ್ವಜರದು ಅನ್ನುತ್ತಾರೆ. ಕಲ್ಲಿಗೆ ಜಯಂತಿ ಬೇಕು, ಜಯಂತಿಗೆ ರಜೆ ಬೇಕು, ರಜೆಗೆ ಸಮಿತಿ ಬೇಕು, ಸಮಿತಿಗೆ ಅಧ್ಯಯನ ಪ್ರವಾಸ ಬೇಕು. ಪ್ರವಾಸ ವಿದೇಶಕ್ಕೆ, ಯಾಕೆಂದರೆ ಅಲ್ಲಿ ಕಲ್ಲುಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರಂತೆ. ಒಂದೂ ಮುಕ್ಕಾಲು ಗಂಟೆ ಇದೇ ಗಲಾಟೆ. ಆ ಅಕ್ಷರಗಳಲ್ಲಿ ಏನಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೊನೆಗೆ ನಿವೃತ್ತ ಮೇಷ್ಟ್ರೊಬ್ಬರು ಬಂದು, ಕನ್ನಡಕ ಏರಿಸಿ, ಓದುತ್ತಾರೆ.

ಶಾಸನಗಳ ಕೊನೆಯಲ್ಲಿ ಬರುವ ಶಾಪದ ಶ್ಲೋಕವನ್ನು ನೀವು ಕೇಳಿಯೇ ಇರುತ್ತೀರಿ. ‘ಸ್ವದತ್ತಾಂ ಪರದತ್ತಾಂ ವಾ’ ಅಂತ ಶುರುವಾಗುತ್ತದಲ್ಲ, ಅದು. ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ದಾನದ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ. ನಾವು ಇದನ್ನು ಹೊಸೆದದ್ದಲ್ಲ, ನೂರಾರು ಕಲ್ಲುಗಳ ಮೇಲೆ ಇರುವ ಮಾತು. ಶೌಚಾಲಯದ ಪಾಯದಲ್ಲಿ ಸಿಕ್ಕ ಕಲ್ಲಿನಲ್ಲಿ ಇದು ಬರುತ್ತದೆ ಅನ್ನುವುದೇ ನಮ್ಮ ನಾಟಕದ ಕೊನೇ ಏಟು. ಬಸ್ ಸ್ಟ್ಯಾಂಡಿನ ಜಾಗವೇ ಶಾಸಕ ಒತ್ತುವರಿ ಮಾಡಿದ ಕೆರೆಯಂಗಳ ಅಂತ ಅಷ್ಟರಲ್ಲಿ ಪ್ರೇಕ್ಷಕರಿಗೆ ಗೊತ್ತಾಗಿರುತ್ತದೆ.

ಮೇಷ್ಟ್ರು ಅರ್ಥ ಹೇಳಿದಾಗ ಶಾಸಕ ತನ್ನ ಪಿ.ಎ. ಕಡೆ ತಿರುಗುತ್ತಾನೆ. ಪಿ.ಎ. ನಾನು.

“ಅರವತ್ತು ಸಾವಿರ ವರ್ಷ ಅಂದ್ರೆ ಎಷ್ಟು ಟರ್ಮ್ ಆಯ್ತಯ್ಯಾ?”

“ಹನ್ನೆರಡು ಸಾವಿರ ಸರ್.”

“ಅವಿರೋಧವಾಗಾ?”

ಇಲ್ಲಿಗೆ ಭವನ ಕಿತ್ತುಹೋಗುವ ಹಾಗೆ ನಗು. ಸೋಫಾದಲ್ಲಿದ್ದವರು ಎದ್ದೇ ನಿಂತುಬಿಟ್ಟರು, ಚಪ್ಪಾಳೆ ತಟ್ಟಲು. ಈ ಮಾತು ಬರೆದದ್ದು ನಾನು. ಬೀಗಿಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ನಾಟಕ ಮುಗಿದ ಮೇಲೆ ಅವರು ವೇದಿಕೆಗೆ ಬಂದರು. ಶಾಸಕನ ಪಾತ್ರಧಾರಿಯನ್ನು ಅಪ್ಪಿಕೊಂಡರು. ಅವನ ಬಣ್ಣ ಅವರ ಬಿಳಿ ಅಂಗಿಗೆ ಹತ್ತಿತು, ಅದಕ್ಕೂ ನಕ್ಕರು. ಜೇಬಿನಿಂದ ಐದು ಸಾವಿರ ತೆಗೆದು ತಂಡಕ್ಕೆ ಕೊಟ್ಟರು. ಆಮೇಲೆ ಮೈಕ್ ಹಿಡಿದು, “ಇಂಥ ನಾಟಕಗಳು ನಮ್ಮ ನಾಡಿನ ಪರಂಪರೆ. ಇದನ್ನು ಉಳಿಸಿ ಬೆಳೆಸಬೇಕು. ನಮ್ಮೂರಿನಲ್ಲೂ ಇಂಥ ಕಲ್ಲುಗಳು ಇವೆ. ಅವಕ್ಕೂ ಒಂದು ಗೌರವ ಸಿಗೋ ಹಾಗೆ ನಾನು ಮಾಡ್ತೀನಿ” ಅಂದರು. ಮತ್ತೆ ಚಪ್ಪಾಳೆ. ಅವರ ಮಾತಿಗೆ ಬಿದ್ದ ಚಪ್ಪಾಳೆ ನಮ್ಮ ನಾಟಕಕ್ಕೆ ಬಿದ್ದದ್ದಕ್ಕಿಂತ ಜಾಸ್ತಿಯೇ ಇತ್ತು.

ನಗುವಿಗೆ ಹೆದರಿದವರು

ನಗುವಿಗೆ ಹೆದರಿ ಕಾನೂನನ್ನೇ ಮಾಡಿದ ಸರ್ಕಾರವೊಂದು ಈ ದೇಶದಲ್ಲಿತ್ತು. ಬ್ರಿಟನ್ನಿನ ಯುವರಾಜ ಕಲ್ಕತ್ತಕ್ಕೆ ಬಂದಾಗ ಅಲ್ಲಿನ ಒಬ್ಬ ದೊಡ್ಡ ವಕೀಲರು ಅವನನ್ನು ಮನೆಗೆ ಕರೆದು, ಒಳಮನೆಯ ಹೆಂಗಸರಿಂದ ಆರತಿ ಎತ್ತಿಸಿ ಸ್ವಾಗತ ಮಾಡಿಸಿದರು. ಊರಿಗೆ ಊರೇ ಬಾಯಿ ಮೇಲೆ ಬೆರಳಿಟ್ಟುಕೊಂಡಿತು. ವಕೀಲರ ಹೆಸರು ಜಗದಾನಂದ. 1876ರ ಫೆಬ್ರವರಿಯಲ್ಲಿ ಅಲ್ಲಿನ ಒಂದು ರಂಗಮಂದಿರದಲ್ಲಿ ‘ಗಜದಾನಂದ ಮತ್ತು ಯುವರಾಜ’ ಅಂತ ಪ್ರಹಸನ ಬಂತು. ಜಗದ ಗಜವಾಯಿತು, ಅಷ್ಟೇ. ಪೊಲೀಸರು ನಿಲ್ಲಿಸಿದರು. ತಂಡದವರು ಹೆಸರು ಬದಲಿಸಿ ಮತ್ತೆ ಆಡಿದರು. ಅದೂ ನಿಂತಿತು. ಆಗ ಪೊಲೀಸರ ಮೇಲೆಯೇ ಒಂದು ಪ್ರಹಸನ ಮಾಡಿದರು. ಪೊಲೀಸ್ ಕಮಿಷನರ್ ಹೆಸರು ಹಾಗ್, ಸೂಪರಿಂಟೆಂಡೆಂಟ್ ಹೆಸರು ಲ್ಯಾಂಬ್. ನಾಟಕದ ಹೆಸರು ‘ಹಂದಿ ಮತ್ತು ಕುರಿಯ ಪೊಲೀಸು’. ವೈಸ್‌ರಾಯ್ ನಾರ್ತ್‌ಬ್ರೂಕ್ ಅದೇ ತಿಂಗಳ ಕೊನೆಗೆ ಸುಗ್ರೀವಾಜ್ಞೆ ತಂದ. ವರ್ಷ ಮುಗಿಯುವುದರೊಳಗೆ ಅದು ನಾಟಕ ಪ್ರದರ್ಶನ ಕಾಯ್ದೆಯಾಯಿತು. ಆ ಕಾಯ್ದೆ ಕಡತದಿಂದ ಪೂರ್ತಿ ಅಳಿದುಹೋದದ್ದು 2018ರಲ್ಲಿ. ಅಂದರೆ ನಾವು ಸೋಫಾದ ಮುಂದೆ ನಾಟಕ ಆಡಿದ ರಾತ್ರಿ ಅದು ಇನ್ನೂ ರದ್ದಾಗಿರಲಿಲ್ಲ. ಯಾರಿಗೂ ಅದರ ನೆನಪೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹೆದರಿಕೆ ಎಲ್ಲಿ ಹೋಯಿತು? ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನೋಡಿದವರಿಗೆ ನಾನು ಹೇಳಬೇಕಾದದ್ದೇನೂ ಇಲ್ಲ. ಬೆಳಿಗ್ಗೆ ಪೇಪರಿನಲ್ಲಿ ಬಂದದ್ದು ಸಂಜೆ ಅವರ ಬಾಯಲ್ಲಿ ಬರುತ್ತಿತ್ತು. ಬರೆದಿಟ್ಟ ಡೈಲಾಗ್ ಬದಿಗಿಟ್ಟು ಎದುರು ಕೂತವರಿಗೇ ನೇರವಾಗಿ ಹಾಕುತ್ತಿದ್ದರು. ನಾನು ಹುಡುಗನಾಗಿದ್ದಾಗ ಅಪ್ಪನ ಜೊತೆ ನೋಡಿದ್ದೆ. ಅಪ್ಪ ಕಂದಾಯ ಇಲಾಖೆಯಲ್ಲಿದ್ದರು. ನಾಟಕದುದ್ದಕ್ಕೂ ನಕ್ಕರು. ಮನೆಗೆ ನಡೆದುಕೊಂಡು ಬರುವಾಗ ಮಾತ್ರ ಒಂದೂ ಮಾತಾಡಲಿಲ್ಲ. ಮನೆಯಲ್ಲಿ ಅಮ್ಮ ಹೇಗಿತ್ತು ಅಂತ ಕೇಳಿದ್ದಕ್ಕೆ, “ಬಾಯಿ ಜಾಸ್ತಿ ಆ ಮನುಷ್ಯಂದು” ಅಂದು ಮಲಗಲು ಹೋದರು. ನನಗೆ ಆ ಮೌನ ನಾಟಕಕ್ಕಿಂತ ಚೆನ್ನಾಗಿ ನೆನಪಿದೆ. ಅಪ್ಪನಿಗೆ ಎಲ್ಲೋ ತಗುಲಿತ್ತು. ಏನು, ಯಾವ ಫೈಲು, ನಾನು ಯಾವತ್ತೂ ಕೇಳಲಿಲ್ಲ.

ನಮ್ಮ ನಾಟಕದಿಂದ ಹಾಗೆ ಮಾತಿಲ್ಲದೆ ಮನೆಗೆ ಹೋದವರು ಯಾರಾದರೂ ಇದ್ದರಾ? ನನಗೆ ಅನುಮಾನ. ನಮ್ಮ ಶಾಸಕ ಎಷ್ಟು ದಡ್ಡ ಅಂದರೆ ನಿಜವಾದ ಶಾಸಕರು ಯಾರೂ ಅವನಲ್ಲಿ ತಮ್ಮನ್ನು ಕಾಣಬೇಕಾಗಿರಲಿಲ್ಲ. ಪಂಚೆ ಎಡವುತ್ತಾನೆ, ಶಾಸನವನ್ನು ಶಾಸಕರ ಹೆಂಡತಿ ಅಂದುಕೊಳ್ಳುತ್ತಾನೆ. (ಈ ಜೋಕು ನನ್ನದಲ್ಲ. ಆದರೆ ತೆಗೆಯೋಣ ಅಂತ ನಾನೂ ಹೇಳಲಿಲ್ಲ, ಅದಕ್ಕೆ ತುಂಬಾ ನಗು ಬರುತ್ತಿತ್ತು.) ಸೋಫಾದಲ್ಲಿದ್ದವರು ಬುದ್ಧಿವಂತರು. ಅವರಿಗೆ ಅದು ಎದುರು ಪಾರ್ಟಿಯವನ ಹಾಗೆ ಕಂಡಿರಬೇಕು. ಎದುರು ಪಾರ್ಟಿಯವರು ಬಂದಿದ್ದರೆ ಅವರಿಗೂ ಹಾಗೇ ಕಾಣುತ್ತಿತ್ತು.

ದಡ್ಡರನ್ನು ಸೃಷ್ಟಿ ಮಾಡುವ ಅಗತ್ಯವಾದರೂ ಏನಿತ್ತು? ಹಂಪಿಯ ಕತೆ ಕಣ್ಣೆದುರಿಗೇ ಇತ್ತು. 1986ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆಮೇಲೆ ಆನೆಗೊಂದಿಯ ಕಡೆ ತುಂಗಭದ್ರೆಗೆ ಸೇತುವೆ ಕಟ್ಟಲು ಹೊರಟರು. ಆ ಕಾರಣಕ್ಕೆ 1999ರಲ್ಲಿ ಹಂಪಿ ಅಪಾಯದ ಪಟ್ಟಿಗೆ ಹೋಯಿತು. ಕೆಲಸ ನಿಂತಿತು, ಚರ್ಚೆ ನಡೆಯಿತು, 2006ರಲ್ಲಿ ಆ ಪಟ್ಟಿಯಿಂದ ಹೊರಗೆ ಬಂತು. ಸೇತುವೆ ಕೆಲಸ ಮತ್ತೆ ಶುರುವಾಯಿತು. 2009ರ ಜನವರಿಯಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ, ಸೇತುವೆ ಕುಸಿದು ಬಿತ್ತು. ಇದನ್ನು ನಾಟಕದಲ್ಲಿ ಇಟ್ಟರೆ ಬಿಗಿಯಾದ ಮೂರು ಅಂಕ ಆಗುತ್ತದೆ. ನಮ್ಮ ಮೊದಲ ಕರಡಿನಲ್ಲಿ ಒಂದು ಸೇತುವೆಯೂ ಇತ್ತು. ತಾಲೀಮಿನಲ್ಲಿ ಓದುವಾಗ ಯಾರೋ, “ಅಲ್ಲಿ ಕೂಲಿಯವರು ಸತ್ತರು ಕಣ್ರಯ್ಯಾ” ಅಂದರು. ಎಲ್ಲರೂ ಸುಮ್ಮನಾದೆವು. ಸೇತುವೆ ತೆಗೆದು ಶೌಚಾಲಯ ಹಾಕಿದೆವು. ಆಗ ಅದು ಸರಿ ಅನ್ನಿಸಿತು. ಈಗ ನೋಡಿದರೆ, ನಗು ನಿಲ್ಲಬೇಕಾಗಿದ್ದ ಒಂದೇ ಜಾಗವನ್ನು ನಾವೇ ಕೈಯಾರೆ ತೆಗೆದುಹಾಕಿದ್ದೆವು.

ಹೊಂಗೆ ಮರದ ಕೆಳಗೆ

ಈಗ ನಾನು ಹೇಳಲೇಬೇಕಾದ, ಆದರೆ ಹೇಳಲು ಇಷ್ಟವಿಲ್ಲದ ಸಂಗತಿಗೆ ಬರುತ್ತೇನೆ.

ತಾಲೀಮು ನಡೆಯುತ್ತಿದ್ದದ್ದು ಅದೇ ಭವನದ ಹಿಂದೆ, ಸಂಜೆ ಆರರಿಂದ ಒಂಬತ್ತು, ಎರಡು ತಿಂಗಳು. ಹಿಂದೆ ಒಂದು ಹೊಂಗೆ ಮರ. ಅದರ ಕೆಳಗೆ ಎರಡು ಸೈಜುಗಲ್ಲಿನ ಮೇಲೆ ಒಂದು ಉದ್ದನೆಯ ಚಪ್ಪಡಿ ಮಲಗಿಸಿದ್ದರು, ಬೆಂಚಿನ ಹಾಗೆ. ಮೇಲುಮುಖದಲ್ಲಿ ಕೆತ್ತನೆ ಇತ್ತು. ಅದು ವೀರಗಲ್ಲು, ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸುವ ಕಲ್ಲು. ನಮ್ಮ ಹಾಸನದ ಕಡೆ ಇದೇನು ಅಪರೂಪವಲ್ಲ, ಊರಿಗೆ ನಾಲ್ಕಿರುತ್ತವೆ. ಕೆಳಗೆ ಕುದುರೆ ಮೇಲೆ ಕೂತು ಹೋರಾಡುವ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಅಂಕಣಗಳ ಮಧ್ಯದ ಪಟ್ಟಿಗಳಲ್ಲೂ ತೀರಾ ಕೆಳಗಿನ ಪಟ್ಟಿಯಲ್ಲೂ ಅಕ್ಷರ. ಅಪ್ಸರೆಯರ ನಡುವಿನ ತಗ್ಗಿನಲ್ಲಿ ಟೀ ಲೋಟ ಎಷ್ಟು ಚೆನ್ನಾಗಿ ಕೂರುತ್ತಿತ್ತು ಅಂದರೆ, ಅದಕ್ಕೇ ಕೆತ್ತಿದ ಹಾಗಿತ್ತು. ನಾವು ದಿನಾ ಅಲ್ಲೇ ಲೋಟ ಇಡುತ್ತಿದ್ದೆವು. ಬೋಂಡ ತಿಂದ ಎಣ್ಣೆ ಕೈಯನ್ನು ಅಲ್ಲೇ ಒರೆಸುತ್ತಿದ್ದೆವು. ಅದರ ಮೇಲೆ ಕೂತು, ಪರಂಪರೆಯ ಬಗ್ಗೆ ರಾಜಕಾರಣಿಗಳಿಗೆ ಏನೂ ಗೊತ್ತಿಲ್ಲ ಅನ್ನುವ ನಾಟಕದ ಮಾತುಗಳನ್ನು ಉರು ಹೊಡೆಯುತ್ತಿದ್ದೆವು.

ಯಾರಿಗೂ ಹೊಳೆಯಲಿಲ್ಲವಾ ಅಂತ ನೀವು ಕೇಳಬಹುದು. ಹೊಳೆದಿತ್ತು. ಮೊದಲ ವಾರವೇ ಯಾರೋ, “ನೋಡ್ರೋ, ನಮ್ಮ ನಾಟಕದ ಕಲ್ಲು ಇಲ್ಲೇ ಇದೆ” ಅಂದು ನಗಿಸಿದ್ದ. ಅಷ್ಟೇ. ನಕ್ಕ ಮೇಲೆ ಆ ವಿಷಯ ಮುಗಿದ ಹಾಗಾಯಿತು. ಇನ್ನೂ ನಾಚಿಕೆಯ ಮಾತು ಬೇರೆ ಇದೆ. ಶಾಪದ ಶ್ಲೋಕ ಸರಿಯಾಗಿರಲಿ ಅಂತ ನಾವಿಬ್ಬರು ಬಸ್ ಹತ್ತಿ ಜಿಲ್ಲಾ ಕೇಂದ್ರದ ಒಂದು ಲೈಬ್ರರಿಗೆ ಹೋಗಿ ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕಾ ತೆಗೆಸಿದ್ದೆವು. ಬಿ.ಎಲ್. ರೈಸ್ ಊರೂರು ಸುತ್ತಿ, ಸುತ್ತಿಸಿ, ಸಾವಿರಾರು ಶಾಸನಗಳನ್ನು ಸೇರಿಸಿ ತಂದ ಹನ್ನೆರಡು ಸಂಪುಟಗಳಲ್ಲಿ ಐದನೆಯದು ನಮ್ಮ ಹಾಸನದ್ದು, 1902ರದು. ಅದು ಮೇಜಿನ ಮೇಲೆ ತೆರೆದಿತ್ತು. ಶ್ಲೋಕ ಬರೆದುಕೊಂಡೆವು, ಪುಸ್ತಕ ಮುಚ್ಚಿದೆವು, ಕಾಫಿ ಕುಡಿದು ಬಂದೆವು. ನಮ್ಮ ಹೊಂಗೆ ಮರದ ಕಲ್ಲು ಅದರಲ್ಲಿ ಇದೆಯಾ ಅಂತ ಪುಟ ತಿರುವಿ ನೋಡೋಣ ಅಂತ ಇಬ್ಬರಿಗೂ ಅನ್ನಿಸಲಿಲ್ಲ.

ಭವನ ಗುಡಿಸುವ ಅಜ್ಜಿಯೊಬ್ಬರಿದ್ದರು. ಅವರು ಮಾತ್ರ ಗೊಣಗುತ್ತಿದ್ದರು. “ಅದ್ರ ಮ್ಯಾಲೆ ಎಂಜಲು ಲೋಟ ಮಡಗ್ಬ್ಯಾಡ್ರಪ್ಪಾ” ಅಂತ. ಅಮಾವಾಸ್ಯೆ ದಿನ ಆ ಕಲ್ಲಿಗೆ ಅರಿಶಿನ ಕುಂಕುಮ ಬೀಳುತ್ತಿತ್ತು. ಉಳಿದ ದಿನ ಅವರೇ ಅದರ ಮೇಲೆ ಹುಣಸೆಹಣ್ಣು ಒಣಗಿಸುತ್ತಿದ್ದರು, ಅದು ಬೇರೆ ಮಾತು. ಅವರ ಆ ಸಾಲನ್ನು ನಾವು ಹಾಗೇ ಎತ್ತಿ ನಾಟಕಕ್ಕೆ ಹಾಕಿಕೊಂಡೆವು. ಅದಕ್ಕೂ ಒಳ್ಳೇ ನಗು ಬಂತು.

ಇನ್ನು ನಮ್ಮ ನಾಟಕದ ಕಲ್ಲು. ಶಾಲೆಯ ಡ್ರಾಯಿಂಗ್ ಮೇಷ್ಟ್ರು ಅದನ್ನು ಮಾಡಿಕೊಟ್ಟಿದ್ದರು. ನಾಲ್ಕು ಥರ್ಮಾಕೋಲ್ ಹಾಳೆ ಅಂಟಿಸಿ, ಮೇಲೆ ಪೇಪರ್ ಮೆತ್ತಿ, ಬಣ್ಣ ಹಸಿಯಿರುವಾಗಲೇ ಸಣ್ಣ ಮರಳು ಎರಚಿ, ಮಸಿ ತಿಕ್ಕಿ. ದೂರದಿಂದ ನೋಡಿದರೆ ಅಸಲಿ ಕಲ್ಲು ಕೂಡ ಅಷ್ಟು ಹಳೆಯದಾಗಿ ಕಾಣುವುದಿಲ್ಲ. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಎತ್ತುವುದು ಇಳಿಸುವುದು ಮೇಷ್ಟ್ರು ಒಬ್ಬರೇ. ಮೂಲೆ ಸ್ವಲ್ಪ ಮುರಿದಿದ್ದಕ್ಕೆ ಒಬ್ಬ ಹುಡುಗನಿಗೆ ಬೈಗುಳ ಬಿದ್ದು ಅವನು ಎರಡು ದಿನ ತಾಲೀಮಿಗೆ ಬರಲಿಲ್ಲ. ನಾಟಕ ಮುಗಿದ ರಾತ್ರಿ ಅದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ನಮ್ಮ ಮನೆ ಅಟ್ಟಕ್ಕೆ ಹತ್ತಿಸಿದೆವು, ಮುಂದಿನ ಪ್ರಯೋಗಕ್ಕೆ ಬೇಕಲ್ಲ ಅಂತ. ಆ ರಾತ್ರಿ ನಾವು ಹೊರಟಾಗ ಹೊಂಗೆ ಮರದ ಕೆಳಗಿನ ಚಪ್ಪಡಿ ಮೇಲೆ ಬಿರಿಯಾನಿ ಪೊಟ್ಟಣಗಳಿದ್ದವು.

2019ರಲ್ಲಿ ಹಂಪಿಯಲ್ಲಿ ನಾಲ್ಕು ಹುಡುಗರು ಕಂಬ ತಳ್ಳಿ ಬೀಳಿಸಿದ ವಿಡಿಯೊ ಬಂದಾಗ ಎಲ್ಲರ ಹಾಗೆ ನಾನೂ ಸಿಟ್ಟಿನಿಂದ ಬರೆದಿದ್ದೆ. ಕೋರ್ಟು ಅವರಿಗೆ ತಲಾ 70 ಸಾವಿರ ದಂಡ ಹಾಕಿ, ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ಒಳ್ಳೇ ಶಿಕ್ಷೆ ಅಂತ ಚಪ್ಪಾಳೆ ತಟ್ಟಿದೆ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬಂಗಾರದ ಬಣ್ಣ

ಕೆಲಸದ ಮೇಲೆ ಊರು ಬಿಟ್ಟವನು ನಾಲ್ಕು ವರ್ಷದ ಮೇಲೆ ಭವನದ ಕಡೆ ಹೋದೆ, ಒಂದು ಮದುವೆಗೆ. ಊಟವಾದ ಮೇಲೆ ಕೈ ತೊಳೆಯಲು ಹಿಂದೆ ಹೋದರೆ ಹೊಂಗೆ ಮರ ಇರಲಿಲ್ಲ. ಅದರ ಜಾಗದಲ್ಲಿ ಟೈಲ್ಸ್ ಹಾಕಿದ ಕಟ್ಟೆ, ಸುತ್ತ ಸ್ಟೀಲ್ ಕಂಬಿ. ಕಟ್ಟೆಯ ಮೇಲೆ ನಮ್ಮ ವೀರಗಲ್ಲು ನೆಟ್ಟಗೆ ನಿಂತಿತ್ತು. ಮೈಗೆಲ್ಲ ಆಯಿಲ್ ಪೇಂಟು. ಹಿನ್ನೆಲೆ ಕೆಂಪು, ವೀರ ಬಂಗಾರ, ಅಪ್ಸರೆಯರು ಹಸಿರು. ಪಕ್ಕದಲ್ಲಿ ಕಪ್ಪು ಗ್ರಾನೈಟ್ ಫಲಕ. ಉದ್ಘಾಟಿಸಿದವರ ಹೆಸರು ಮೊದಲ ಸಾಲಿನಲ್ಲಿ ದೊಡ್ಡದಾಗಿ, ಉಪಸ್ಥಿತರಿದ್ದವರ ಹೆಸರು ಆರು ಸಾಲಿನಲ್ಲಿ. ವೀರನ ಹೆಸರು ಇರಲಿಲ್ಲ. ಭಾಷಣದಲ್ಲಿ ಆಡಿದ ಮಾತನ್ನು ಆ ರಾಜಕಾರಣಿ ಉಳಿಸಿಕೊಂಡಿದ್ದರು. ಮಾತು ಉಳಿಸಿಕೊಳ್ಳದ ರಾಜಕಾರಣಿಯ ಮೇಲೆ ನಾಟಕ ಬರೆದಿದ್ದೆವಲ್ಲ ನಾವು.

ಕಲ್ಲು ನೆಟ್ಟಗೆ ನಿಲ್ಲಬೇಕಾದರೆ ಬುಡ ಗಟ್ಟಿ ಇರಬೇಕು. ಹಾಗಾಗಿ ಸುಮಾರು ಒಂದಡಿ ಸಿಮೆಂಟಿನೊಳಗೆ ಹೋಗಿದೆ. ಕುದುರೆಯ ಕಾಲು ಕಾಣುವುದಿಲ್ಲ. ಅದರ ಕೆಳಗಿದ್ದ ಪಟ್ಟಿಯೂ ಕಾಣುವುದಿಲ್ಲ. ಮೇಲಿನ ಪಟ್ಟಿಗಳ ಅಕ್ಷರದೊಳಗೆ ಪೇಂಟ್ ಇಳಿದು ತುಂಬಿಕೊಂಡಿದೆ. ಬೆರಳಾಡಿಸಿದರೆ ನುಣ್ಣಗೆ.

ಸ್ಮಾರಕಗಳನ್ನು ಕಾಪಾಡಲು ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ, ರಕ್ಷಿತ ಸ್ಮಾರಕದ ಸುತ್ತ ನೂರು ಮೀಟರು, ಅದರಾಚೆ ಇನ್ನೂರು ಮೀಟರು ಕಟ್ಟಡ ಕಟ್ಟಲು ನಿರ್ಬಂಧ, ಇವೆಲ್ಲ ಇವೆ. ದೇಶದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು 3,700ರ ಆಸುಪಾಸು. ಹೊಂಗೆ ಮರದ ಕೆಳಗೆ ಬಿದ್ದ ಕಲ್ಲು ಯಾವ ಪಟ್ಟಿಯಲ್ಲಿರುತ್ತದೆ? ಅದರ ಮೇಲೆ ಲೋಟ ಇಡಲು ನಮಗೆ ಯಾರ ಅನುಮತಿಯೂ ಬೇಕಿರಲಿಲ್ಲ. ಸಿಮೆಂಟ್ ಹಾಕಲು ಅವರಿಗೂ ಬೇಕಿರಲಿಲ್ಲ. ಒಂದು ವ್ಯತ್ಯಾಸ ಇದೆ. ನಾವು ಎದ್ದು ಹೋದ ಮೇಲೂ ಆ ಅಕ್ಷರಗಳನ್ನು ಓದಬಹುದಿತ್ತು. ಇನ್ನೊಂದು ಅನುಮಾನವೂ ಕಾಡುತ್ತದೆ. ನಾವು ಆ ನಾಟಕವನ್ನೇ ಆಡದೆ ಇದ್ದಿದ್ದರೆ ಅವರಿಗೆ ಆ ಕಲ್ಲು ನೆನಪಾಗುತ್ತಿತ್ತಾ?

ಆಮೇಲೆ ಐದನೇ ಸಂಪುಟ ಮತ್ತೆ ತೆಗೆಸಿದೆ, ಈ ಸಲ ಕಾಫಿಗೆ ಅವಸರವಿಲ್ಲದೆ. ನಮ್ಮೂರಿನ ಹೆಸರಿನಲ್ಲಿರುವುದನ್ನೆಲ್ಲ ನೋಡಿದೆ. ಆಚೀಚೆ ಊರುಗಳದ್ದೂ ನೋಡಿದೆ, ಕಲ್ಲು ಬೇರೆ ಕಡೆಯಿಂದ ಬಂದಿದ್ದರೂ ಬಂದಿರಬಹುದು ಅಂತ. ನಾನು ಹುಡುಕಿದಷ್ಟಕ್ಕೆ ಸಿಗಲಿಲ್ಲ. ಅಜ್ಜಿ ತೀರಿಕೊಂಡಿದ್ದಾರೆ. ಅಟ್ಟದ ಥರ್ಮಾಕೋಲ್ ಕಲ್ಲು ಚೆನ್ನಾಗಿದೆ, ಒಂದು ಮೂಲೆ ಇಲಿ ಕಡಿದಿದೆ ಅಷ್ಟೇ.

ಉಳಿದದ್ದು ಒಂದು ಫೋಟೋ. ತಾಲೀಮಿನ ದಿನ ಯಾರದೋ ಮೊಬೈಲಿನಲ್ಲಿ ತೆಗೆದದ್ದು. ಚಪ್ಪಡಿಯ ಸುತ್ತ ನಾವು ಎಂಟು ಜನ ಹಲ್ಲು ಕಿರಿಯುತ್ತಿದ್ದೇವೆ, ನನ್ನ ಕೈಯಲ್ಲಿ ಸ್ಕ್ರಿಪ್ಟು. ಕಲ್ಲಿನ ಮುಖ ಪೂರ್ತಿ ಕಾಣುತ್ತದೆ, ಲೋಟಗಳನ್ನು ಬಿಟ್ಟು. ಒಂಬತ್ತು ಲೋಟ. ಮೊನ್ನೆ ಶಾಸನ ಓದಲು ಬರುವ ಪರಿಚಯದವರೊಬ್ಬರಿಗೆ ತೋರಿಸಿದೆ. ಅವರು ಫೋಟೋ ಹಿಗ್ಗಿಸಿ, ಕುಗ್ಗಿಸಿ, ಲ್ಯಾಪ್‌ಟಾಪನ್ನು ಓರೆ ಮಾಡಿ ತುಂಬ ಹೊತ್ತು ನೋಡಿದರು. ಮೇಲಿನ ಪಟ್ಟಿಯಲ್ಲಿ ‘ಸ್ವಸ್ತಿ ಶ್ರೀ’ ಓದಿದರು. ಕೆಳಗಿನ ಪಟ್ಟಿಯಲ್ಲಿ, ಈಗ ಸಿಮೆಂಟಿನೊಳಗೆ ಇರುವುದರಲ್ಲಿ, ಒಂದು ‘ಗ’ ಇದೆ ಅಂದರು, ಆಮೇಲೆ ‘ಮ’ ಇದ್ದರೂ ಇರಬಹುದು. ಆಮೇಲೆ ಬೆರಳಿನಿಂದ ಪರದೆ ತೋರಿಸಿ, “ಈ ಲೋಟ ಯಾರದು?” ಅಂತ ಕೇಳಿದರು.